ಸ್ಕೂಟರಿಗೊಂದು ಅಂಗಿ

ರಾತ್ರಿ ಹತ್ತರ ಮೇಲೆ ಬೆಂಗಳೂರಿನ ಬೀದಿಗಳಲ್ಲಿ ಒಂದು ಸುತ್ತು ಹಾಕಿದವರಿಗೆ ಗೊತ್ತಿರುತ್ತದೆ, ಮನುಷ್ಯರು ಹೊದ್ದು ಮಲಗುವ ಹೊತ್ತಿಗೆ ಅವರ ವಾಹನಗಳೂ ಹೊದ್ದು ಮಲಗುತ್ತವೆ. ಹಲಸೂರಿನ ಬಜಾರ್ ಬೀದಿಯ ಆಸುಪಾಸಿನ ಸಂದಿಗಳಲ್ಲಿ ಕಾಂಪೌಂಡ್ ಎನ್ನುವುದು ಅಪರೂಪ. ಹೊಸ್ತಿಲು ದಾಟಿದರೆ ರಸ್ತೆ. ಅಲ್ಲಿ ಹಳೆಯ ಸೀರೆ ಹೊದ್ದ ಸ್ಕೂಟರುಗಳಿವೆ, ಗೊಬ್ಬರದ ಚೀಲ ಬಿಚ್ಚಿ ಹೊಲಿದ ಅಂಗಿ ತೊಟ್ಟ ಬೈಕುಗಳಿವೆ, ಚುನಾವಣೆ ಮುಗಿದ ಮೇಲೆ ಬ್ಯಾನರಿನ ಕೆಳಗೆ ಮಲಗುವ ಮೊಪೆಡ್‌ಗಳೂ ಇವೆ. ಅಲ್ಲಿಂದ ಇಂದಿರಾನಗರಕ್ಕೆ ಬಂದರೆ ಹೊದಿಕೆಗಳ ಅಂತಸ್ತು ಏರುತ್ತದೆ. ಬೆಳ್ಳಿ ಬಣ್ಣ, ಅಂಚಿಗೆ ಎಲಾಸ್ಟಿಕ್ಕು, ಬೆನ್ನ ಮೇಲೆ ಕಂಪನಿಯ ಹೆಸರು.

ಇವೆಲ್ಲ ನಿಂತ ಗಾಡಿಯ ಬಟ್ಟೆಗಳು. ಅದೇ ಗಾಡಿಯನ್ನು ತೆರೆದ ಲಾರಿಗೋ ಪಿಕಪ್‌ಗೋ ಹತ್ತಿಸಿ ಇನ್ನೊಂದು ಊರಿಗೆ ಸಾಗಿಸುವಾಗ ಬೇಕಾಗುವ ಹೊದಿಕೆಯೇ ಬೇರೆ. ಮಕ್ಕಳನ್ನು ಪರ ಊರಿನ ಕಾಲೇಜಿಗೆ ಸೇರಿಸಿ, ಅವರ ಹಿಂದೆಯೇ ಅವರ ಗಾಡಿಯನ್ನೂ ಕಳಿಸುವ ತಂದೆತಾಯಂದಿರು ಈಗ ಬೇಕಾದಷ್ಟು ಮಂದಿ. ಅವರಲ್ಲಿ ನಾನೂ ಒಬ್ಬ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ಎಂಬುದೊಂದು ಹೆಚ್ಚಿನ ಅರ್ಹತೆ ಅಥವಾ ಅನರ್ಹತೆ.

ನನ್ನ ಮಗಳು ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಾಳೆ. ಮೊದಲ ಎರಡು ವರ್ಷ ಹಾಸ್ಟೆಲು, ತರಗತಿ ಎಂದು ಕಳೆಯಿತು. ಈಗ ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಕಲಿಯುವ ಕಾಲ. ಬೆಳಿಗ್ಗೆ ಏಳೂವರೆಗೆ ಹಾಜರಿರಬೇಕು. ಗೆಳತಿಯರ ಜೊತೆ ಹಿಡಿದಿರುವ ಬಾಡಿಗೆ ಮನೆಯಿಂದ ಎರಡು ಬಸ್ಸು ಬದಲಿಸಬೇಕು, ಮೊದಲ ಬಸ್ಸು ತಪ್ಪಿದರೆ ಹಾಜರಿಯೂ ತಪ್ಪಿತು. ಆದ್ದರಿಂದ ಸ್ಕೂಟರು ಬೇಕೇ ಬೇಕಾಯಿತು. ಅವಳ ಸ್ಕೂಟರು ಸೆಕೆಂಡ್‌ಹ್ಯಾಂಡ್, ಬೆಲೆ 42 ಸಾವಿರ. ಪಿಯುಸಿ ಮುಗಿದಾಗಿನಿಂದ ಪ್ರತಿ ರಜೆಯಲ್ಲೂ ಇಂದಿರಾನಗರದ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಕೂಡಿಸಿದ ದುಡ್ಡು ಅದು, ಕಡಿಮೆ ಬಿದ್ದದ್ದನ್ನು ಅವಳ ಅಜ್ಜಿ ತುಂಬಿದರು. ನನ್ನಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಆ ಗಾಡಿ ಕೆಟ್ಟರೆ ಇನ್ನೊಂದು ಎಲ್ಲಿಂದ ಬರಬೇಕು?

ಹೊದಿಕೆಯ ಮಾತೆತ್ತಿದ ಕೂಡಲೇ ಅವಳು ಕೇಳಿದಳು, "ಮಳೆಯಲ್ಲೇ ಓಡಿಸೋ ಗಾಡಿಗೆ ಮಳೆಯಿಂದ ರಕ್ಷಣೆ ಯಾಕಪ್ಪಾ?"

ಕೇಳಬೇಕಾದ ಪ್ರಶ್ನೆಯೇ. ಸ್ಕೂಟರು ಓಡುವಾಗ ನೀರು ಯಾವ ದಿಕ್ಕಿನಿಂದ ಬೀಳುತ್ತದೆಂದು ಯೋಚಿಸಿಯೇ ಅದನ್ನು ಮಾಡಿರುತ್ತಾರೆ. ಬೀಗದ ರಂಧ್ರ, ಸ್ವಿಚ್ಚುಗಳು, ಗಾಳಿ ಎಳೆದುಕೊಳ್ಳುವ ಫಿಲ್ಟರು ಎಲ್ಲಕ್ಕೂ ಆ ಲೆಕ್ಕದಲ್ಲೇ ಮರೆ. ಪಿಕಪ್ಪಿನ ಬೆನ್ನ ಮೇಲೆ ಕಟ್ಟಿದ ಗಾಡಿಗೆ ಆ ಲೆಕ್ಕ ತಪ್ಪುತ್ತದೆ. ಹಿಂದಿನಿಂದ ಸುತ್ತಿ ಬರುವ ಗಾಳಿ ನೀರನ್ನು ಬೇಡದ ಕಡೆ ನುಗ್ಗಿಸುತ್ತದೆ, ಪಕ್ಕದಲ್ಲಿ ಹೋಗುವ ಲಾರಿ ಕೆಸರನ್ನೂ ಜಲ್ಲಿಯ ಚೂರನ್ನೂ ಎಸೆಯುತ್ತದೆ. ಒಂಬತ್ತು ಗಂಟೆ ಹೀಗೆ ನಿಂತಿರಬೇಕು. ಅದಲ್ಲದೆ ಅವಳ ಬಾಡಿಗೆ ಮನೆಗೆ ಗ್ಯಾರೇಜಿಲ್ಲ. ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಬೆಂಗಳೂರಿನಿಂದ ಮೂರೂವರೆ ಸಾವಿರಕ್ಕೂ ಮೀರಿ ಸುರಿಯುವ ಮಂಗಳೂರಿಗೆ ಹೋಗುವ ಗಾಡಿ ಅಲ್ಲಿ ಅಂಗಳದಲ್ಲೇ ನಿಲ್ಲಬೇಕು. ಹಾಗಾಗಿ ನಮಗೆ ಬೇಕಾಗಿದ್ದದ್ದು ದಾರಿಗೂ ಅಂಗಳಕ್ಕೂ ಆಗುವ ಒಂದೇ ಅಂಗಿ. ತೊಡಕು ಇಲ್ಲೇ ಇರುವುದು, ಮುಂದೆ ಹೇಳುತ್ತೇನೆ.

ಎದುರು ಮನೆಯ ಯಜಮಾನರದು ಒಂದೇ ಸಿದ್ಧಾಂತ, ದಪ್ಪವಿದ್ದಷ್ಟೂ ಒಳ್ಳೆಯದು. ಲಾರಿಯ ತಾಡಪಾಲನ್ನೇ ತಂದು ಸುತ್ತಿಬಿಡಿ ಎಂದರು. ನಾನು ಒಪ್ಪಲಿಲ್ಲ, ಅದಕ್ಕೆ ಕಾರಣ ನಮ್ಮ ಬೀದಿಯ ಹುಡುಗನೊಬ್ಬನ ಬೈಕು. ಎರಡು ವರ್ಷದ ಹಿಂದೆ ಅದು ಹುಬ್ಬಳ್ಳಿಗೆ ಹೋಗಿತ್ತು. ಸಾಗಿಸಿದವರು ಯಾರೆಂಬುದು ಇಲ್ಲಿ ಬೇಡ. ಒಳ್ಳೆಯ ದಪ್ಪ ತಾಡಪಾಲನ್ನೇ ಮೇಲಿಂದ ಎಸೆದು, ನಡುವಿಗೆ ಒಂದು ಹಗ್ಗ ಬಿಗಿದು ಕಳಿಸಿದ್ದರು. ದಾರಿಯುದ್ದಕ್ಕೂ ಒಂದು ಹನಿ ಮಳೆ ಬಿದ್ದಿರಲಿಲ್ಲ. ಆದರೂ ಇಳಿಸಿದಾಗ ಪೆಟ್ರೋಲ್ ಟ್ಯಾಂಕಿನ ಎರಡೂ ಕೆನ್ನೆಗಳ ಹೊಳಪು ಹೋಗಿ, ಉಪ್ಪುಕಾಗದದಿಂದ ಉಜ್ಜಿದ ಹಾಗಿತ್ತು. ತಾಡಪಾಲಿನ ಅಂಚಿನ ಕಬ್ಬಿಣದ ರಿಂಗು ಬಡಿಬಡಿದು ಒಂದು ಕಡೆ ಬಣ್ಣವೇ ಎದ್ದಿತ್ತು. ಬೈಕನ್ನು ಹಾಳುಮಾಡಿದ್ದು ಮಳೆಯೂ ಅಲ್ಲ, ಬಿಸಿಲೂ ಅಲ್ಲ. ಅದನ್ನು ಕಾಯಲೆಂದು ಹಾಕಿದ ಹೊದಿಕೆ!

ವಿದ್ಯಾರ್ಥಿಗಳು ಇಲ್ಲೊಂದು ಪುಟ್ಟ ಲೆಕ್ಕ ಮಾಡಬಹುದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಒತ್ತಡ ಸಿಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂದು ಚದರ ಮೀಟರ್ ಬಟ್ಟೆಗೆ ಸುಮಾರು ಏಳೂವರೆ ಕಿಲೋ ತೂಕ ಹೇರಿದಷ್ಟು ಒತ್ತಡ. 80 ಕಿಲೋಮೀಟರಿಗೆ ಹೋದರೆ ಅದು ಹದಿನೈದಲ್ಲ, ಮೂವತ್ತು ಕಿಲೋ. ಈ ಭಾರ ಸುಮ್ಮನೆ ಕೂತಿರುವುದೂ ಇಲ್ಲ. ಸಡಿಲವಾದ ಬಟ್ಟೆ ಪಟಪಟನೆ ಬಡಿಯುತ್ತದೆ. ಸೆಕೆಂಡಿಗೆ ಬರೀ ಐದು ಸಲ ಎಂದಿಟ್ಟುಕೊಂಡರೂ ಒಂಬತ್ತು ಗಂಟೆಯಲ್ಲಿ 1,62,000 ಸಲ. ಹೊದಿಕೆಗೂ ಬಣ್ಣಕ್ಕೂ ನಡುವೆ ಚಿಟಿಕೆ ಧೂಳಿದ್ದರೆ ಅಷ್ಟು ಸಲವೂ ಅದು ಉಜ್ಜುತ್ತದೆ. ಬಟ್ಟೆ ದಪ್ಪವಿದ್ದಷ್ಟೂ ಪೆಟ್ಟು ಜೋರು. ದಾರಿಯ ಹೊದಿಕೆಗೆ ಮೊದಲ ಶತ್ರು ಗಾಳಿ, ಮಳೆ ಎರಡನೆಯದು. ಬಟ್ಟೆ ಎಷ್ಟು ದಪ್ಪ ಎನ್ನುವುದಕ್ಕಿಂತ ಮೈಗೆ ಎಷ್ಟು ಸರಿಯಾಗಿ ಕೂತಿದೆ ಎನ್ನುವುದೇ ಮುಖ್ಯವೆಂದು ನಾನು ಎದುರು ಮನೆಯವರೊಂದಿಗೆ ವಾದಿಸಿದೆ. ಅವರು ಕಾಫಿ ಕುಡಿದು ಹೋದರು.

ರೆಡಿಮೇಡ್ ಹೊದಿಕೆಗಳನ್ನೂ ನೋಡಿದೆವು. ಅವುಗಳ ಎಲಾಸ್ಟಿಕ್ ಅಂಚು ನಿಂತ ಗಾಡಿಗೆ ಸರಿ. ಓಡುವ ಪಿಕಪ್ಪಿನ ಮೇಲೆ ಕೆಳಗಿನಿಂದ ಗಾಳಿ ನುಗ್ಗಿ ಇಡೀ ಹೊದಿಕೆ ಪೂರಿಯಂತೆ ಉಬ್ಬುತ್ತದೆ, ಆಮೇಲೆ ಹರಿಯುವುದು ಹೊಲಿಗೆಯ ಸಾಲಿನಲ್ಲೇ. ಈ ತೊಂದರೆ ನಮ್ಮೊಬ್ಬರದೇ ಅಲ್ಲ. ನನ್ನ ತಂಗಿಯ ಮಗ ಅಮೆರಿಕದ ಮಿನ್ನೆಸೋಟಾದಲ್ಲಿದ್ದಾನೆ. ಅಲ್ಲಿ ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಎಂಬ ಗಾಡಿಯಿದೆ, ಮುಂದೆ ಜಾರುವ ಪಟ್ಟಿಗಳು, ಹಿಂದೆ ಯುದ್ಧದ ಟ್ಯಾಂಕಿನಂತೆ ಸುತ್ತುವ ರಬ್ಬರಿನ ಪಟ್ಟಾ. (ಇಂಥ ಗಾಡಿಗಳ ಹಿಂದೆ ಕ್ಯಾನಡಾದ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್ಕನ ಕಥೆಯಿದೆ. 1934ರ ಚಳಿಗಾಲದಲ್ಲಿ ಹಿಮದಿಂದ ದಾರಿ ಮುಚ್ಚಿ, ಕಾಯಿಲೆ ಬಿದ್ದ ಪುಟ್ಟ ಮಗನನ್ನು ಆಸ್ಪತ್ರೆಗೆ ಒಯ್ಯಲಾಗದೆ ಕಳೆದುಕೊಂಡವನು ಆತ. ಹಿಮದಲ್ಲಿ ಓಡುವ ದೊಡ್ಡ ಬಂಡಿಗಳನ್ನು ಮಾಡುತ್ತ ಹೋಗಿ, 1959ರಲ್ಲಿ ಸ್ಕೀ-ಡೂ ಎಂಬ ಹಗುರ ಗಾಡಿಯನ್ನು ಮಾರುಕಟ್ಟೆಗೆ ತಂದ.) ಅದನ್ನು ಕಾರಿನ ಹಿಂದಿನ ಟ್ರೇಲರಿಗೆ ಹತ್ತಿಸಿ ನೂರಾರು ಕಿಲೋಮೀಟರ್ ಎಳೆದೊಯ್ಯುತ್ತಾರೆ. ಹಿಮ ಕರಗಲೆಂದು ಅಲ್ಲಿ ರಸ್ತೆಗೆ ಉಪ್ಪು ಹಾಕುವುದರಿಂದ ದಾರಿಯುದ್ದಕ್ಕೂ ಉಪ್ಪುನೀರಿನ ಅಭಿಷೇಕ. "ಮಾವ, ಇಲ್ಲಿ ಎಷ್ಟೋ ಕವರುಗಳ ಮೇಲೆ ನಿಲ್ಲಿಸಿಡಲು ಮಾತ್ರ, ಎಳೆದೊಯ್ಯುವಾಗ ಹಾಕಬೇಡಿ ಅಂತಲೇ ಬರೆದಿರುತ್ತೆ. ಎಳೆಯೋಕೆ ಬೇರೇನೇ ತಗೋಬೇಕು" ಎಂದು ಅವನು ಫೋನಿನಲ್ಲಿ ಹೇಳಿದಾಗ ನನಗೆ ಸಮಾಧಾನವಾಯಿತು. ನಮ್ಮಲ್ಲಿ ಹಾಗೆ ಬರೆದದ್ದನ್ನು ನಾನು ಕಂಡಿಲ್ಲ.

ಒಂದು ಶನಿವಾರ ಅಪ್ಪ ಮಗಳು ಶಿವಾಜಿನಗರಕ್ಕೆ ಹೊರಟೆವು. 1809ರಲ್ಲಿ ದಂಡು ಬಂದು ಬೀಡುಬಿಟ್ಟ ಮೇಲೆ ಬೆಳೆದ ಊರು ಇದು, ದಂಡೆಂದರೆ ಮೊದಲು ಬೇಕಾಗುವುದು ಡೇರೆ. ಹಲಸೂರು ಕೆರೆಯ ಬಳಿ ಮದ್ರಾಸ್ ಸ್ಯಾಪರ್ಸ್ ಇಂದಿಗೂ ಇದ್ದಾರೆ. ದಪ್ಪ ಬಟ್ಟೆಗೆ ಸೂಜಿ ಹಾಕುವ ಕೈಗಳು ಈ ಕಡೆ ಸಿಕ್ಕಾವೆಂದು ನನ್ನ ಎಣಿಕೆ. ರಸೆಲ್ ಮಾರುಕಟ್ಟೆಯ ಗದ್ದಲ ದಾಟಿ, ಹಳೆಯ ಗಾಡಿಗಳ ಬಿಡಿಭಾಗ ಮಾರುವ ಬೀದಿಗಳನ್ನು ಹಾದು, ಆಟೋರಿಕ್ಷಾದ ಟಾಪು ಮತ್ತು ಸೀಟು ಹೊಲಿಯುವ ಒಂದು ಸಣ್ಣ ಅಂಗಡಿಗೆ ಬಂದೆವು. ಆಟೋ ಟಾಪು ಹೊಲಿಯುವವರನ್ನೇ ಹುಡುಕಿದ್ದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿ ದಿನವಿಡೀ ಗಾಳಿಗೆ ಎದುರಾಗಿ ಓಡಿಯೂ ವರ್ಷಗಟ್ಟಲೆ ಬಾಳುವ ಬಟ್ಟೆಯಿದ್ದರೆ ಅದು ಆಟೋದ ನೆತ್ತಿಯ ಮೇಲಿನದು.

ಅಂಗಡಿಯ ಹಿರಿಯರು ಎಪ್ಪತ್ತರ ಹತ್ತಿರದವರು. ಗಾಡಿಯನ್ನು ಒಮ್ಮೆ ಸುತ್ತಿ ಬಂದು ಮೊದಲು ಕೇಳಿದ್ದು, "ನಿಲ್ಸೋಕಾ, ಕಳ್ಸೋಕಾ?" ನನ್ನ ಅರ್ಧ ಉಪನ್ಯಾಸ ಆ ಎರಡು ಮಾತಿನಲ್ಲಿತ್ತು. ಎರಡಕ್ಕೂ ಎಂದಳು ಮಗಳು. "ಹಾಗಾದ್ರೆ ಕಷ್ಟ ಇದೆ ಬೇಟಿ" ಎಂದು ನಕ್ಕು ಸ್ಟೂಲು ಎಳೆದು ಕೊಟ್ಟರು.

ಬಟ್ಟೆಗಳನ್ನು ಒಂದೊಂದಾಗಿ ಹರಡಿದರು. ಮೊದಲನೆಯದು ಹಳೇ ಕಾಲದ ಕ್ಯಾನ್ವಾಸ್. (ಈ ಪದದ ಮೂಲ ಕ್ಯಾನಬಿಸ್, ಅಂದರೆ ಗಾಂಜಾ ಜಾತಿಯ ಗಿಡ. ಅದರ ನಾರಿನಿಂದ ಹಡಗಿನ ಹಾಯಿ ನೇಯುತ್ತಿದ್ದರು. ಆ ಹಾಯಿಬಟ್ಟೆಗೆ ಟಾರು ಬಳಿದದ್ದೇ ಟಾರ್ಪಾಲಿನ್, ನಮ್ಮ ಕಡೆಯ ತಾಡಪಾಲು, ಧಾರವಾಡದ ಕಡೆಯ ತಾಡಪತ್ರಿ.) ಹತ್ತಿಯ ಕ್ಯಾನ್ವಾಸ್ ಉಸಿರಾಡುತ್ತದೆ, ಆದರೆ ನೀರು ಕುಡಿದು ಭಾರವಾಗುತ್ತದೆ. ಮಂಗಳೂರಿನ ತೇವದಲ್ಲಿ ಬೂಷ್ಟು ಹಿಡಿಯದೆ ಇರದು. ಎರಡನೆಯದು ಪ್ಲಾಸ್ಟಿಕ್ ತಾಡಪಾಲು, ರೈತರು ರಾಶಿಗೆ ಹೊದಿಸುವಂಥದ್ದು. ಅಗ್ಗ, ನೀರು ಒಳಗೆ ಬಿಡುವುದಿಲ್ಲ. ಆದರೆ ಮೈಗೆ ಒಗ್ಗಿ ಬಾಗುವುದಿಲ್ಲ, ಮಡಿಕೆಯಲ್ಲಿ ಸೀಳುತ್ತದೆ, ಒಳಗಿನ ಆವಿಯನ್ನು ಹೊರಗೆ ಬಿಡುವುದೂ ಇಲ್ಲ. ಮೂರನೆಯದು ಪಾಲಿಯೆಸ್ಟರ್ ನೇಯ್ಗೆಗೆ ಒಳಮೈಯಲ್ಲಿ ಲೇಪ ಕೊಟ್ಟದ್ದು, ಸ್ಕೂಲ್ ಬ್ಯಾಗಿನ ಬಟ್ಟೆಯ ಅಣ್ಣ ಎನ್ನಬಹುದು. 600 ಡೆನಿಯರ್ ಎಂದರು.

ಡೆನಿಯರ್ ಎಂದರೆ ನೂಲಿನ ತೂಕದ ಅಳತೆ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಒಂಬತ್ತು ಕಿಲೋಮೀಟರ್ ಉದ್ದದ ನೂಲು 600 ಗ್ರಾಂ ತೂಗಿದರೆ ಅದು 600 ಡೆನಿಯರ್. ಅಂಕಿ ದೊಡ್ಡದಿದ್ದರೆ ನೂಲು ದಪ್ಪ, ಅಷ್ಟೆ. ನೇಯ್ಗೆ ಒತ್ತಾಗಿದೆಯೋ, ಲೇಪ ಗಟ್ಟಿಯೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಅದಕ್ಕೆ ಕೈಯಲ್ಲೇ ಪರೀಕ್ಷೆ ಮಾಡಬೇಕು, ಅಂಗಡಿಯವರು ಬೇಸರಿಸಿಕೊಂಡರೂ ಸರಿಯೆ. ಬಟ್ಟೆಯನ್ನು ಜೋಳಿಗೆಯಂತೆ ಹಿಡಿದು ಒಂದು ಲೋಟ ನೀರು ಸುರಿದು ಹತ್ತು ನಿಮಿಷ ಬಿಡಿ, ಕೆಳಗೆ ಬೆವರಬಾರದು. ಒಂದು ಮೂಲೆಯನ್ನು ಇಪ್ಪತ್ತು ಸಲ ಹಿಸುಕಿ ಉಜ್ಜಿ ಬೆಳಕಿಗೆ ಹಿಡಿಯಿರಿ, ಬಿಳಿ ಗೆರೆಗಳು ಕಂಡರೆ ಲೇಪ ಒಡೆಯುತ್ತಿದೆ ಎಂದರ್ಥ. ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಒರೆಸಿ ನೋಡಿ, ಬಣ್ಣ ಬಿಟ್ಟರೆ ಅದು ನಾಳೆ ನಿಮ್ಮ ಗಾಡಿಗೂ ಅಂಟುತ್ತದೆ. ಮಗಳು ಮೂರನ್ನೂ ಮಾಡಿದಳು. ಮೂರನೆಯ ಪರೀಕ್ಷೆಯಲ್ಲಿ ಅವಳಿಗೆ ಇಷ್ಟವಾಗಿದ್ದ ಕಡುಗೆಂಪು ಫೇಲಾಯಿತು, ಬೂದು ಬಣ್ಣ ಪಾಸಾಯಿತು. ಬೇಸರದಿಂದಲೇ ಬೂದು ಒಪ್ಪಿಕೊಂಡಳು.

ಇನ್ನು ಮೊದಲೇ ಹೇಳಿದ ತೊಡಕು. ದಾರಿಯಲ್ಲಿ ಹೊದಿಕೆ ಮೈಗಂಟಿ ಬಿಗಿಯಾಗಿರಬೇಕು, ಒಳಗೆ ಗಾಳಿ ಹೋಗಬಾರದು. ಅಂಗಳದಲ್ಲಿ ಗಾಳಿ ಆಡಬೇಕು, ಇಲ್ಲದಿದ್ದರೆ ನೆಲದಿಂದೆದ್ದ ತೇವ ಹೊದಿಕೆಯ ಒಳಮೈಯಲ್ಲಿ ಹನಿಗಟ್ಟಿ ಗಾಡಿಯ ಮೇಲೆ ತೊಟ್ಟಿಕ್ಕುತ್ತದೆ. ಹೊರಗೆ ಬಿಸಿಲಿದ್ದಾಗಲೂ ಒಳಗೆ ಮಳೆಗಾಲ, ನಟ್ಟು ಬೋಲ್ಟು ತುಕ್ಕು. ಮಲೆನಾಡು, ಕರಾವಳಿಯ ಗದ್ದೆಗಳಲ್ಲಿ ನಾಟಿ ಮಾಡುವವರು ಹೊದೆಯುತ್ತಿದ್ದ ಎಲೆಯ ಗೊರಬನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆನ್ನು ಪೂರ್ತಿ ಮುಚ್ಚಿ ಮುಂದೆ ತೆರೆದಿರುವ ಗೊರಬಿನಲ್ಲಿ ಬೆವರು ನಿಲ್ಲುವುದಿಲ್ಲ. ಪ್ಲಾಸ್ಟಿಕ್ ರೇನ್‌ಕೋಟು ತೊಟ್ಟು ಅರ್ಧ ಗಂಟೆ ನಡೆದವರಿಗೆ ಮಳೆಯಲ್ಲಿ ನೆನೆದದ್ದೋ ಬೆವರಲ್ಲಿ ನೆನೆದದ್ದೋ ತಿಳಿಯುವುದಿಲ್ಲ.

ನಾನು ಇದನ್ನು ವಿವರಿಸತೊಡಗಿದಾಗ ಹಿರಿಯರು ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುತ್ತಲೇ ಹೇಳಿದರು, "ಗಾಳೀನ ಒಳಗೆ ಬಿಡಬಾರ್ದು ಸಾರ್. ಬಿಟ್ರೆ ಹೊರಗೆ ಹೋಗೋಕೆ ದಾರಿ ಕೊಡ್ಬೇಕು."

ಅವರ ಉಪಾಯ ಹೀಗಿತ್ತು. ಹಿಂಭಾಗದಲ್ಲಿ, ಸೀಟಿನ ಮಟ್ಟಕ್ಕಿಂತ ಕೆಳಗೆ, ಅಂಗೈ ಅಗಲದ ಎರಡು ಕಿಂಡಿ. ಕಿಂಡಿಗೆ ಸೊಳ್ಳೆಬಲೆ, ಅದರ ಮೇಲೆ ಸೂರಿನ ಹಾಗೆ ಇಳಿಬಿದ್ದ ಬಟ್ಟೆಯ ಮುಚ್ಚಳ, ಮುಚ್ಚಳಕ್ಕೆ ವೆಲ್‌ಕ್ರೋ. ದಾರಿಯಲ್ಲಿ ಅಂಟಿಸುವುದು, ಅಂಗಳದಲ್ಲಿ ಬಿಚ್ಚುವುದು. ಮುಂದಿನ ತುಂಡಿನ ಅಂಚು ಹಿಂದಿನ ತುಂಡಿನ ಮೇಲೆ ಬರುವಂತೆ ಜೋಡಣೆ. ಮನೆಯ ಹಂಚು ನೀರಿಳಿಯುವ ದಿಕ್ಕಿಗೆ ಹೊಂದಿಕೊಂಡಿರುತ್ತದಲ್ಲ, ಇಲ್ಲಿ ಗಾಳಿ ಹರಿಯುವ ದಿಕ್ಕಿಗೆ. ನೆತ್ತಿಯ ಮೇಲೆ ಹೊಲಿಗೆಯೇ ಇಲ್ಲ, ಏಕೆಂದರೆ ಸೂಜಿ ಚುಚ್ಚಿದ ಪ್ರತಿ ರಂಧ್ರವೂ ನೀರಿಗೆ ಬಾಗಿಲು. ಪಕ್ಕದ ಹೊಲಿಗೆಗಳು ಎರಡು ಮಡಿಕೆಯವು, ದಾರ ಪಾಲಿಯೆಸ್ಟರಿನದು. ಹತ್ತಿ ದಾರ ಎರಡು ಮಳೆಗಾಲಕ್ಕೆ ಕೊಳೆತು, ಬಟ್ಟೆ ಗಟ್ಟಿಯಿದ್ದರೂ ಅಂಗಿ ಬಿಚ್ಚಿಕೊಳ್ಳುತ್ತದೆಯಂತೆ. ಹ್ಯಾಂಡಲು, ಮುಂಭಾಗದ ಮೂಗು, ಹಿಂದಿನ ಹಿಡಿಕೆ ತಾಗುವ ಕಡೆ ಒಳಗೆ ಫ್ಲಾನೆಲ್ ಪದರ. ಅಂಚಿಗೆ ಲೋಹದ ರಿಂಗು ಬೇಡವೆಂದು ಮಗಳೇ ಹೇಳಿದಳು, ಹುಬ್ಬಳ್ಳಿಗೆ ಹೋದ ಬೈಕನ್ನು ಅವಳೂ ನೋಡಿದ್ದಳು. ಬದಲಿಗೆ ಬ್ಯಾಗಿನ ನೈಲಾನ್ ಬೆಲ್ಟು, ಹೊಟ್ಟೆಯಡಿಯಿಂದ ಮೂರು ಕಡೆ, ಪ್ಲಾಸ್ಟಿಕ್ ಬಕಲು. "ಚಾಚಾ, ಬಕಲ್ ಎಡಗಡೆ ಬರಲಿ, ನನಗೆ ಅದೇ ಕೈ ಸುಲಭ" ಎಂದಾಗ ಅವರು ಗೆರೆ ಅಳಿಸಿ ಬದಲಿಸಿದರು. ರೆಡಿಮೇಡಿನಲ್ಲಿ ಈ ಸೌಕರ್ಯ ಎಲ್ಲಿ?

ಐದು ಮೀಟರ್ ಬಟ್ಟೆಗೆ 900, ಫ್ಲಾನೆಲ್ಲಿಗೆ 100, ಬೆಲ್ಟು ಬಕಲಿಗೆ 160, ಹೊಲಿಗೆಗೆ 400. ಒಟ್ಟು 1,560 ರೂಪಾಯಿ. ನಾವು ನೋಡಿದ್ದ ಸಾಧಾರಣ ರೆಡಿಮೇಡಿನ ಮೂರರಷ್ಟಾಯಿತು. ಇದನ್ನೂ ಮಗಳೇ ಕೊಟ್ಟಳು. ನಾನು ಪರ್ಸಿಗೆ ಕೈ ಹಾಕಿದ್ದನ್ನು ನೋಡಿ, "ಮಧ್ಯಾಹ್ನದ ಬಿರಿಯಾನಿ ನಿಮ್ಮದು" ಎಂದಳು.

ರೈಲಿನಲ್ಲಿ ಕಳಿಸುವವರ ದಾರಿ ಬೇರೆ. ಪಾರ್ಸೆಲ್ ಕಚೇರಿಯಲ್ಲಿ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಪಡೆದು, ಗೋಣಿ ಸುತ್ತಿದ ಗಾಡಿಯನ್ನು ಸ್ವೀಕರಿಸುತ್ತಾರೆ. ಬೋಗಿಯ ಒಳಗೆ ಗಾಳಿಯ ಕಾಟವಿಲ್ಲ, ಪಕ್ಕದ ಸಾಮಾನಿನ ಪೆಟ್ಟಿಗೆ ಗೋಣಿಯೇ ವಾಸಿ. ಆದರೆ ಒದ್ದೆಯಾದ ಗೋಣಿ ಬೇಗ ಒಣಗದು, ಊರು ತಲುಪಿದ ದಿನವೇ ಬಿಚ್ಚಬೇಕು. ನಮಗೆ ಆ ಪ್ರಸಂಗ ಬರಲಿಲ್ಲ. ಕೆ.ಆರ್. ಪುರದ ಪರಿಚಯದವರೊಬ್ಬರ ಪಿಕಪ್ಪು ಮಂಗಳೂರಿಗೆ ಹೋಗುವುದಿತ್ತು.

ಜುಲೈ ಎರಡನೇ ವಾರ, ತೂಗುಸೇತುವೆಯ ಆಚೆ, ಹಳೇ ಮದ್ರಾಸ್ ರಸ್ತೆಯ ಪಕ್ಕದ ಗೋದಾಮಿನಲ್ಲಿ ಗಾಡಿ ಹತ್ತಿಸಿದೆವು. ಹೊದಿಸುವ ಮುನ್ನ ತೊಳೆದು, ಒರೆಸಿ, ಒಣಗಿಸಿದ್ದೆವು. ಧೂಳಿನ ಮೇಲೆ ಎಂಥ ಹೊದಿಕೆ ಹಾಕಿದರೂ ಅದು ಉಪ್ಪುಕಾಗದವೇ. ಸೈಲೆನ್ಸರ್ ತಣ್ಣಗಾಗಲು ಅರ್ಧ ಗಂಟೆ ಕಾದೆವು, ಪಾಲಿಯೆಸ್ಟರ್ ಬಿಸಿಗೆ ಕರಗುತ್ತದೆ. ಕನ್ನಡಿಗಳನ್ನು ಬಿಚ್ಚಿ ಸೀಟಿನ ಕೆಳಗಿಟ್ಟಳು. ಡ್ರೈವರು ಹೊದಿಕೆಯ ಮೇಲಿಂದಲೇ ಹಗ್ಗ ಹಾಕಲು ಹೊರಟಾಗ ಮಗಳು ತಡೆದಳು. "ಅಣ್ಣಾ, ಗಾಡಿ ಹಗ್ಗ ಬೇರೆ, ಕವರ್ ಬೆಲ್ಟ್ ಬೇರೆ. ಮೊದಲು ಗಾಡಿ ಕಟ್ಟೋಣ." ಮುಂದಿನ ಚಕ್ರವನ್ನು ಕ್ಯಾಬಿನ್ನಿನ ಹಲಗೆಗೆ ಒತ್ತಿ, ಸ್ಟ್ಯಾಂಡು ತೆಗೆದು, ಎರಡೂ ಕಡೆಯಿಂದ ಚಾಸಿಗೆ ಹಗ್ಗ ಬಿಗಿದು, ಶಾಕ್ ಅಬ್ಸಾರ್ಬರ್ ಸ್ವಲ್ಪ ಕುಗ್ಗುವಷ್ಟು ಎಳೆದರು. ಹಗ್ಗ ಬಣ್ಣಕ್ಕೆ ತಾಗುವ ಕಡೆ ನನ್ನ ಹಳೆಯ ಪಂಚೆಯ ತುಂಡುಗಳು. ಆಮೇಲೆ ಅಂಗಿ ತೊಡಿಸಿ, ಮೂರೂ ಬಕಲು ಹಾಕಿ, ಉಳಿದ ಬೆಲ್ಟಿನ ತುದಿಗಳನ್ನು ಮಡಿಸಿ ಒಳಗೆ ಸಿಕ್ಕಿಸಿದಳು. ಜೋತುಬಿದ್ದ ತುದಿಯೇ ಚಾಟಿಯಾಗುತ್ತದೆ. ಎಲ್ಲಿಯಾದರೂ ಬಟ್ಟೆ ಚಿಟಿಕೆಗೆ ಸಿಗುತ್ತದೆಯೇ ಎಂದು ಸುತ್ತಲೂ ಹಿಡಿದು ನೋಡಿದಳು. ಹಿಂಬದಿಯಲ್ಲಿ ಒಂದು ಕಡೆ ಸಿಕ್ಕಿತು, ಅಲ್ಲಿಗೆ ಹಳೆಯ ಸೈಕಲ್ ಟ್ಯೂಬಿನ ಒಂದು ಪಟ್ಟಿ ಬಿತ್ತು. ಡ್ರೈವರು ಬೀಡಿ ಆರಿಸಿ ಸುಮ್ಮನೆ ನೋಡುತ್ತಿದ್ದ. ಕೊನೆಗೆ, "ಮೇಡಂ, ನಮ್ಮ ಗಾಡೀಗೆ ಲೋಡ್ ಕಟ್ಟೋಕೆ ಬರ್ತೀರಾ?" ಎಂದ.

ವೆಲ್ಲೂರಿನ ಕಡೆಯಿಂದ ಕೋಲಾರ, ಬೆಂಗಳೂರು, ಹಾಸನ ದಾಟಿ ಬಂಟ್ವಾಳಕ್ಕೆ ಹೋಗುವ 75ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನೆಲಮಂಗಲದ ಆಚೆ ವೇಗ, ಸಕಲೇಶಪುರದ ಆಚೆ ಮಳೆ. ಹಾಸನದ ಬಳಿ ಊಟಕ್ಕೆ ನಿಲ್ಲಿಸಿದಾಗ ಬೆಲ್ಟುಗಳನ್ನು ಒಮ್ಮೆ ಬಿಗಿ ಮಾಡಲು ಡ್ರೈವರಿಗೆ ಮಗಳು ಹೇಳಿದ್ದಳು, ಆತ ಮಾಡಿದ. ಎಷ್ಟು ಬಿಗಿದರೂ ಮೊದಲ ನೂರು ಕಿಲೋಮೀಟರಿನಲ್ಲಿ ಬಟ್ಟೆ ಸ್ವಲ್ಪ ಸಡಿಲುತ್ತದೆ. ಶಿರಾಡಿ ಘಾಟಿಯಲ್ಲಿ ಸುರಿದದ್ದು ಸಾಧಾರಣ ಮಳೆಯಲ್ಲವಂತೆ.

ಹಿಂದಿನ ರಾತ್ರಿಯ ಬಸ್ಸಿಗೆ ಹೋಗಿದ್ದ ಮಗಳು ಸಂಜೆ ಆರಕ್ಕೆ ಗಾಡಿ ಇಳಿಸಿಕೊಂಡು ಫೋನ್ ಮಾಡಿದಳು. ಹೊದಿಕೆಯ ಹೊರಮೈ ಕೆಸರಿನಲ್ಲಿ ಅದ್ದಿ ತೆಗೆದ ಹಾಗಿದೆ, ಒಂದು ಕಡೆ ಜಲ್ಲಿ ಬಡಿದು ಸಣ್ಣ ತೂತಾಗಿದೆ, ಫ್ಲಾನೆಲ್ ಪದರದ ಮೇಲ್ತುದಿ ಕೊಂಚ ಒದ್ದೆ. ಗಾಡಿಯ ಬಣ್ಣಕ್ಕೆ ಏನೂ ಆಗಿಲ್ಲ. ಕನ್ನಡಿ ಹಾಕಿ, ಪೆಟ್ರೋಲ್ ನೋಡಿ, ಬಟನ್ ಒತ್ತಿದರೆ ಎರಡನೆಯ ಸಲಕ್ಕೆ ಸ್ಟಾರ್ಟ್. ಮರುದಿನ ಏಳು ಇಪ್ಪತ್ತಕ್ಕೆ ಆಸ್ಪತ್ರೆಯಲ್ಲಿದ್ದಳು.

ಆ ತೂತಿಗೆ ಅವಳು ಅದೇ ಬಟ್ಟೆಯ ತುಣುಕನ್ನು ರಬ್ಬರ್ ಸಲ್ಯೂಷನ್ ಹಾಕಿ ಒಳಗಿನಿಂದ ಅಂಟಿಸಿದ್ದಾಳೆ. ಮಿಕ್ಕಿದ ಚೂರುಗಳನ್ನು ಚಾಚಾ ಸುಮ್ಮನೆ ಸುತ್ತಿ ಕೊಟ್ಟಿದ್ದರು. ಬಿಸಿಲು ಬಂದ ದಿನ ಹೊದಿಕೆ ತೆಗೆದು ತಿರುವಿ ಒಣಗಿಸುತ್ತಾಳೆ, ಕಿಂಡಿಯ ಮುಚ್ಚಳ ರಾತ್ರಿ ತೆರೆದೇ ಇರುತ್ತದೆ. ಕಳೆದ ವಾರ ಫೋನಿನಲ್ಲಿ ಬೇರೆ ಯಾವುದೋ ಮಾತಿನ ನಡುವೆ ಕೇಳಿದಳು, "ಅಪ್ಪಾ, ಶಿವಾಜಿನಗರದ ಚಾಚಾ ಅಳತೆ ಬರೆದುಕೊಟ್ರೆ ಗಾಡಿ ನೋಡದೇನೇ ಹೊಲೀತಾರಾ? ಇಲ್ಲಿ ನನ್ನ ರೂಮ್‌ಮೇಟ್‌ದೊಂದು, ಕೆಳಗಿನ ಮನೆ ಆಂಟೀದೊಂದು ಇದೆ." ಸೋಮವಾರ ಆ ಕಡೆ ಹೋದಾಗ ಕೇಳಬೇಕು.